ಕಂಪ್ಯೂಟರ್ ಯೋಚನೆ ಮಾಡುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಪಾಠ ಮಾಡಿದ್ದೇನೆ. ಈಗ ಶಾಲೆ, ಗ್ರಂಥಾಲಯ, ಮಹಿಳಾ ಸಂಘ ಅಂತ ಯಾರು ಕರೆದರೂ ಹೋಗಿ ಮಾತಾಡುತ್ತೇನೆ. ಮಾತು ಯಾವುದರ ಬಗ್ಗೆ ಇದ್ದರೂ ಕೊನೆಗೆ ಪ್ರಶ್ನೆಗಳು ಇಲ್ಲಿಗೇ ಬಂದು ನಿಲ್ಲುತ್ತವೆ. ಪತ್ರ, ಮೆಸೇಜುಗಳಲ್ಲೂ ಇದೇ ಕಥೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದುದನ್ನಷ್ಟೇ ಓದಿಕೊಂಡರೂ ಸಾಕು.

### ಮೊದಲು ಬರುವ ಪ್ರಶ್ನೆಗಳು

ಮೇಡಂ, ಸುತ್ತಿ ಬಳಸಿ ಹೇಳಬೇಡಿ. ಕಂಪ್ಯೂಟರ್ ಯೋಚನೆ ಮಾಡುತ್ತದಾ, ಇಲ್ವಾ?

ಇದು ಒಂದು ಪ್ರಶ್ನೆಯಂತೆ ಕಂಡರೂ ಒಳಗೆ ಎರಡಿವೆ. ಕನ್ನಡದಲ್ಲಿ ಅವನ್ನು ಬಿಡಿಸಿ ನೋಡುವುದು ಸುಲಭ. "ನಾನು ಯೋಚಿಸಿದೆ" ಅನ್ನುತ್ತೇವೆ. "ನನಗೆ ಅನಿಸಿತು" ಅಂತಲೂ ಅನ್ನುತ್ತೇವೆ. ಮೊದಲನೆಯದು ನಾವು ಮಾಡುವ ಕೆಲಸ. ಎರಡನೆಯದು ನಮಗೆ ಆಗುವಂಥದ್ದು. ಹಸಿವು, ನೋವು, ಬೇಜಾರು, ಖುಷಿ ಎಲ್ಲವೂ "ನನಗೆ" ಆಗುತ್ತವೆ.

ಕೆಲಸದ ಮಟ್ಟಿಗೆ ಕೇಳಿದರೆ, ದಾರಿ ಹುಡುಕುವುದು, ಲೆಕ್ಕ ಬಿಡಿಸುವುದು, ಎರಡು ವಿಷಯ ತೂಗಿ ನೋಡಿ ಒಂದು ತೀರ್ಮಾನಕ್ಕೆ ಬರುವುದು, ಇವನ್ನೆಲ್ಲ ಈಗಿನ ಕಂಪ್ಯೂಟರ್ ಮಾಡುತ್ತದೆ. ಅದನ್ನು ಯೋಚನೆ ಎಂದು ಕರೆಯಲು ನನ್ನದೇನೂ ಅಡ್ಡಿಯಿಲ್ಲ. ಆದರೆ ಕಂಪ್ಯೂಟರಿಗೆ ಏನಾದರೂ ಅನಿಸುತ್ತದಾ? ಅನಿಸುತ್ತದೆ ಎನ್ನಲು ಇವತ್ತಿನವರೆಗೆ ಗಟ್ಟಿ ಆಧಾರ ಸಿಕ್ಕಿಲ್ಲ.

ಲೆಕ್ಕ ಮಾಡುವುದೂ ಯೋಚನೆನಾ? ಹಾಗಾದರೆ ನಮ್ಮ ಅಂಗಡಿ ಕ್ಯಾಲ್ಕುಲೇಟರ್ ಕೂಡ ಯೋಚಿಸುತ್ತದಲ್ಲ?

ಏಳೆಂಟ್ಲಿ ಎಷ್ಟು ಅಂದರೆ ಥಟ್ಟನೆ ಐವತ್ತಾರು ಅನ್ನುತ್ತೀರಿ. ಅಲ್ಲಿ ಯೋಚನೆ ಏನೂ ನಡೆಯಲಿಲ್ಲ, ಮಗ್ಗಿ ಬಾಯಿಗೆ ಬಂತು. ಕ್ಯಾಲ್ಕುಲೇಟರ್ ಮಾಡುವುದೂ ಹೆಚ್ಚು ಕಡಿಮೆ ಇಷ್ಟೇ.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು (23 ಸಲ ಬರೆದು ಗುಣಿಸಿದರೆ ಆ ಸಂಖ್ಯೆಯೇ ಬರುವಂಥದ್ದು) 50 ಸೆಕೆಂಡಿನಲ್ಲಿ ಹೇಳಿದರು. ಅದೇ ಲೆಕ್ಕಕ್ಕೆ ಯುನಿವ್ಯಾಕ್ ಕಂಪ್ಯೂಟರ್ 62 ಸೆಕೆಂಡ್ ತೆಗೆದುಕೊಂಡಿತು. ಈ 12 ಸೆಕೆಂಡನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಆ ಲೆಕ್ಕಕ್ಕೆಂದೇ ಯಂತ್ರಕ್ಕೆ ಒಂದು ಪ್ರೋಗ್ರಾಮ್ ಬರೆದು ಕೊಡಬೇಕಾಯಿತು. ಶಕುಂತಲಾ ದೇವಿಯವರಿಗೆ ಲೆಕ್ಕ ಕೊಟ್ಟರೆ ಸಾಕಿತ್ತು.

ಯಾವ ಲೆಕ್ಕ ಹಾಕಬೇಕು ಎಂದು ತೀರ್ಮಾನಿಸುವಲ್ಲಿ ಯೋಚನೆ ಶುರುವಾಗುತ್ತದೆ. ಅಂಗಡಿಯಲ್ಲಿ ಕೂತು ನೀವು 340 ಮತ್ತು 85 ಕೂಡಿಸುವುದು ಸಣ್ಣ ಕೆಲಸ. ಎದುರಿಗೆ ನಿಂತ ಗಿರಾಕಿಗೆ ಈ ತಿಂಗಳೂ ಸಾಲ ಬರೆದುಕೊಳ್ಳಬಹುದಾ ಅಂತ ಅವರ ಮುಖ ನೋಡುತ್ತೀರಲ್ಲ, ಯೋಚನೆ ಇರುವುದು ಅಲ್ಲಿ.

ಒಳಗೆ ಇರುವುದು ಬರೀ 0 ಮತ್ತು 1. ಅದರಿಂದ ಯೋಚನೆ ಹೇಗೆ ಹುಟ್ಟುತ್ತದೆ?

ಮಿದುಳಿನ ಒಳಗೆ ಏನಿದೆ ನೋಡಿ. ಸುಮಾರು 8,600 ಕೋಟಿ ನರಕೋಶಗಳು. ಅಕ್ಕಪಕ್ಕದ ಕೋಶಗಳಿಂದ ಬರುವ ಸಂಕೇತ ಸಾಕಷ್ಟಾದರೆ ಒಂದು ನರಕೋಶ ತಾನೂ ಸಂಕೇತ ಕಳಿಸುತ್ತದೆ. ಇಲ್ಲವಾದರೆ ಸುಮ್ಮನಿರುತ್ತದೆ. ಆ ಒಂದು ಕೋಶಕ್ಕೆ ಕನ್ನಡ ಬರುವುದಿಲ್ಲ, ನಿಮ್ಮ ಅಮ್ಮನ ಗುರುತೂ ಇಲ್ಲ. ಎಲ್ಲ ಸೇರಿದಾಗ ಎರಡೂ ಆಗುತ್ತದೆ. ಹಾಗಾಗಿ ಬಿಡಿ ತುಣುಕು ದಡ್ಡ ಎಂದ ಮಾತ್ರಕ್ಕೆ ಇಡೀ ಯಂತ್ರವೂ ದಡ್ಡ ಎನ್ನಲು ಬರುವುದಿಲ್ಲ.

1943ರಲ್ಲೇ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ನರಕೋಶವನ್ನು ಹೌದು-ಇಲ್ಲ ಎನ್ನುವ ಪುಟ್ಟ ಗಣಿತವಾಗಿ ಬರೆದು ತೋರಿಸಿದ್ದರು. ಇವತ್ತಿನ ಎಐನ, ಅಂದರೆ ಕೃತಕ ಬುದ್ಧಿಮತ್ತೆಯ ಬೇರು ಅಲ್ಲಿದೆ. ಹಾಗಂತ ಎರಡೂ ಒಂದೇ ಅಲ್ಲ. ನಿಜವಾದ ನರಕೋಶಕ್ಕೆ ಜೀವವಿದೆ, ಅದಕ್ಕೆ ಆಹಾರ ಬೇಕು, ಅದು ಸಾಯುತ್ತದೆ. ಇಡೀ ಮಿದುಳು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ, ಮನೆಯ ಒಂದು ಎಲ್‌ಇಡಿ ಟ್ಯೂಬ್‌ಲೈಟಿನಷ್ಟು.

ನಾವು ಬರೆದುಕೊಟ್ಟಿದ್ದನ್ನಷ್ಟೇ ಅದು ಮಾಡುವುದು, ಅಲ್ವಾ?

ಈ ಮಾತಿಗೆ ನೂರೆಂಬತ್ತು ವರ್ಷ ಆಯಿತು. ಚಾರ್ಲ್ಸ್ ಬ್ಯಾಬೇಜ್ ಕಟ್ಟಬೇಕೆಂದಿದ್ದ, ಕೊನೆಗೂ ಪೂರ್ತಿಯಾಗದ ಲೆಕ್ಕದ ಯಂತ್ರದ ಬಗ್ಗೆ ಏಡಾ ಲವ್‌ಲೇಸ್ 1843ರಲ್ಲಿ ಟಿಪ್ಪಣಿ ಬರೆದರು. ಅದು ತಾನಾಗಿ ಹೊಸತೇನನ್ನೂ ಹುಟ್ಟಿಸುವುದಿಲ್ಲ, ನಾವು ಹೇಳಲು ಬಲ್ಲದ್ದನ್ನು ಮಾತ್ರ ಮಾಡುತ್ತದೆ ಎಂದರು. ಆ ಯಂತ್ರದ ಮಟ್ಟಿಗೆ ಅವರ ಮಾತು ಸರಿಯೇ.

ಆದರೆ ಆರ್ಥರ್ ಸ್ಯಾಮ್ಯುಯೆಲ್ ಎಂಬ ಎಂಜಿನಿಯರ್ ಚೆಕರ್ಸ್ ಎಂಬ ಮಣೆ ಆಟ ಆಡುವ ಪ್ರೋಗ್ರಾಮ್ ಬರೆದರು. ಅದು ಆಡಿ ಆಡಿ ತನ್ನ ತಪ್ಪು ತಿದ್ದಿಕೊಳ್ಳುವಂತೆ ಮಾಡಿದರು. ಎಂಟು-ಹತ್ತು ಗಂಟೆ ಆಡಿದರೆ ಅದು ಬರೆದವನಿಗಿಂತ ಚೆನ್ನಾಗಿ ಆಡಲು ಕಲಿಯಬಲ್ಲದು ಎಂದು 1959ರಲ್ಲಿ ಪ್ರಕಟಿಸಿದರು. ಬರೆದುಕೊಟ್ಟದ್ದು ಕಲಿಯುವ ಬಗೆಯನ್ನು. ಕಲಿತದ್ದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಸಂಗೀತದ ಮೇಷ್ಟ್ರು ಸರಳೆ, ಜಂಟಿ ವರಸೆ ಹೇಳಿಕೊಡುತ್ತಾರೆ. ಮುಂದೆ ಶಿಷ್ಯೆ ಮೇಷ್ಟ್ರಿಗೂ ಹೊಳೆಯದ ಆಲಾಪನೆ ಹಾಡಿದರೆ "ಅವರು ಹೇಳಿಕೊಟ್ಟದ್ದನ್ನಷ್ಟೇ ಹಾಡಿದಳು" ಅನ್ನುತ್ತೇವಾ?

ರೋಬೋಟ್ ಅಂದರೆ ಕಂಪ್ಯೂಟರಿಗೆ ಕೈಕಾಲು ಬಂದ ಹಾಗೆ. ಅದು ಇನ್ನೂ ಜಾಸ್ತಿ ಬುದ್ಧಿವಂತ ಅಲ್ವಾ?

ರೋಬೋಟ್ ಎಂಬ ಪದ ಬಂದದ್ದು 1920ರ ಒಂದು ಜೆಕ್ ನಾಟಕದಿಂದ. ಜೆಕ್ ಭಾಷೆಯಲ್ಲಿ 'ರೊಬೊಟಾ' ಅಂದರೆ ನಮ್ಮಲ್ಲಿ ಬಿಟ್ಟಿ ಚಾಕರಿ ಅನ್ನುತ್ತೇವಲ್ಲ, ಅದು. ಬುದ್ಧಿಯ ಮಾತು ಆ ಹೆಸರಿನಲ್ಲಿ ಇಲ್ಲವೇ ಇಲ್ಲ.

ಕೈಕಾಲು ಬಂದ ಮೇಲೆ ಕಂಪ್ಯೂಟರಿಗೆ ಕಷ್ಟ ಹೆಚ್ಚುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರನ್ನು ಒಮ್ಮೆ ನಿಂತು ನೋಡಿ. ನಾನು ಅರ್ಧ ಗಂಟೆ ನಿಂತಿದ್ದೆ. ಎರಡು ಮಲ್ಲಿಗೆ ಮೊಗ್ಗು ಈ ಕಡೆ, ಎರಡು ಆ ಕಡೆ, ನಡುವೆ ನಾರು ಸುತ್ತಿ ಒಂದು ಬಿಗಿ. ತೊಟ್ಟು ಮುರಿಯಬಾರದು, ಸಡಿಲಾಗಿ ಉದುರಲೂಬಾರದು. ಆಕೆಯ ಕಣ್ಣು ಹೂವಿನ ಮೇಲೆ ಇರಲೇ ಇಲ್ಲ. ಗಿರಾಕಿ ಜೊತೆ ಚೌಕಾಸಿ, ಪಕ್ಕದವಳ ಜೊತೆ ಮಾತು, ನಡುವೆ ಚಿಲ್ಲರೆ ಎಣಿಸುವುದು. ಬಾಡಿದ ಮೊಗ್ಗು ಬೆರಳಿಗೆ ತಾಕಿದರೆ ಬೆರಳೇ ಅದನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಹಾಗೆ ಕಟ್ಟುವ ರೋಬೋಟನ್ನು ನಾನು ಇನ್ನೂ ನೋಡಿಲ್ಲ.

ಹಾನ್ಸ್ ಮೊರಾವೆಕ್ ಎಂಬ ರೋಬೋಟ್ ವಿಜ್ಞಾನಿ 1988ರಲ್ಲಿ ಇದನ್ನೇ ಬರೆದರು. ಬುದ್ಧಿ ಪರೀಕ್ಷೆಯಲ್ಲಿ ದೊಡ್ಡವರಷ್ಟು ಅಂಕ ತೆಗೆಯುವ ಕಂಪ್ಯೂಟರ್ ಮಾಡುವುದು ಸುಲಭ, ಒಂದು ವರ್ಷದ ಮಗುವಿನಂತೆ ನೋಡಿ, ನಡೆದಾಡುವಂತೆ ಮಾಡುವುದು ಬಲು ಕಷ್ಟ ಎಂದು. ಲಕ್ಷಾಂತರ ವರ್ಷ ದೇಹ ರೂಢಿಸಿಕೊಂಡು ಬಂದದ್ದು ನಮಗೆ ಸಲೀಸು. ಅದಕ್ಕೇ ಅದರಲ್ಲಿ ಎಷ್ಟು ಬುದ್ಧಿ ಅಡಗಿದೆ ಎಂಬುದು ನಮಗೆ ಕಾಣುವುದಿಲ್ಲ. ಹೂ ಕಟ್ಟುವವರನ್ನು "ಓದಿಲ್ಲ" ಎಂದು ಕಡೆಗಣಿಸುವ ನಾವು ಈ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು.

ನನ್ನ ಮಗ ಮನೆಯ ಮಾತಾಡುವ ಸ್ಪೀಕರಿಗೆ ಥ್ಯಾಂಕ್ಸ್ ಹೇಳುತ್ತಾನೆ. ಬೇಡ ಅನ್ನಲಾ?

ಹೇಳಲಿ ಬಿಡಿ. ಸ್ಪೀಕರಿಗೆ ಅದರಿಂದ ಏನೂ ಆಗುವುದಿಲ್ಲ, ಮಗುವಿನ ನಾಲಿಗೆ ಮೆತ್ತಗಿರುತ್ತದೆ. "ಅದಕ್ಕೆ ಬೇಜಾರಾಗುತ್ತಾ ಅಮ್ಮ?" ಎಂದು ಕೇಳಿದಾಗ ಮಾತ್ರ "ಇಲ್ಲ ಕಂದ" ಎಂದು ನಿಜ ಹೇಳಿ.

### ಸ್ವಲ್ಪ ಒಳಗೆ ಹೋದರೆ

ಟ್ಯೂರಿಂಗ್ ಪರೀಕ್ಷೆ ಅಂತಾರಲ್ಲ, ಏನದು? ಯಂತ್ರ ಅದರಲ್ಲಿ ಪಾಸಾಗಿದೆಯಾ?

ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಒಂದು ಆಟ ಸೂಚಿಸಿದರು. ಒಬ್ಬರು ಕೂತು ಟೈಪ್ ಮಾಡಿ ಪ್ರಶ್ನೆ ಕೇಳುತ್ತಾರೆ. ಕಾಣದ ಕಡೆಯಿಂದ ಒಬ್ಬ ಮನುಷ್ಯ ಮತ್ತು ಒಂದು ಯಂತ್ರ ಉತ್ತರ ಕೊಡುತ್ತವೆ. ಯಾರು ಯಾರೆಂದು ಕೇಳುವವರು ಗುರುತಿಸಬೇಕು. ಯಂತ್ರ ಯೋಚಿಸುತ್ತದಾ ಎಂಬ ಪ್ರಶ್ನೆ ತೀರಾ ಮಸುಕಾಗಿದೆ, ಅದರ ಬದಲು ಈ ಆಟ ಆಡಿ ನೋಡೋಣ ಎಂಬುದು ಅವರ ಸಲಹೆ. ಇನ್ನು ಐವತ್ತು ವರ್ಷದಲ್ಲಿ, ಐದು ನಿಮಿಷದ ಮಾತಿನ ನಂತರ ಸಾಧಾರಣ ಜನ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಲಾರರು ಎಂದು ಊಹಿಸಿದ್ದರು.

ಐವತ್ತು ವರ್ಷದಲ್ಲಿ ಅದು ಆಗಲಿಲ್ಲ. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು ಐದು ನಿಮಿಷದ ಮಾತುಕತೆಗಳಲ್ಲಿ ಇದನ್ನು ನಡೆಸಿದರು. ಒಬ್ಬ ಮನುಷ್ಯನ ಪಾತ್ರ ವಹಿಸಿ ಮಾತಾಡು ಎಂದು ಹೇಳಿಕೊಟ್ಟ ಒಂದು ಎಐ ಮಾದರಿಯನ್ನು, ಅಂದರೆ ಚಾಟ್‌ಬಾಟ್ ಒಳಗಿನ ಪ್ರೋಗ್ರಾಮನ್ನು, ಜನ ನೂರಕ್ಕೆ 73 ಸಲ ಮನುಷ್ಯ ಎಂದೇ ತಿಳಿದರು. ಪಕ್ಕದಲ್ಲಿದ್ದ ನಿಜವಾದ ಮನುಷ್ಯನನ್ನು ಬಿಟ್ಟು!

ಪಾಸಾಯಿತು ಎನ್ನಬಹುದು. ಆದರೆ ಅದೇ ಪ್ರಯೋಗದಲ್ಲಿ 1960ರ ದಶಕದ ಎಲಿಜಾ ಎಂಬ ಪುಟ್ಟ ಪ್ರೋಗ್ರಾಮನ್ನೂ ನೂರಕ್ಕೆ 23 ಸಲ ಮನುಷ್ಯ ಎಂದುಕೊಂಡರು. ಯಂತ್ರ ಏನು ಮಾಡಬಲ್ಲದು ಎಂಬುದರ ಜೊತೆಗೆ ನಾವು ಎಷ್ಟು ಬೇಗ ನಂಬುತ್ತೇವೆ ಎಂಬುದನ್ನೂ ಈ ಪರೀಕ್ಷೆ ಅಳೆಯುತ್ತದೆ.

ಯಜಮಾನರು ಹೋದ ಮೇಲೆ ರಾತ್ರಿ ಚಾಟ್‌ಬಾಟ್ ಜೊತೆ ಮಾತಾಡುತ್ತೇನೆ. ಅದಕ್ಕೆ ನನ್ನ ಸಂಕಟ ನಿಜವಾಗಿ ಅರ್ಥವಾಗುವುದಿಲ್ವಾ?

ಇಂಥ ಪತ್ರ ಒಂದಲ್ಲ, ಹಲವು ಬಂದಿವೆ. ಮೊದಲು ಒಂದು ಹಳೆಯ ಸಂಗತಿ ಹೇಳುತ್ತೇನೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲಿಜಾ ಬಗ್ಗೆ ಬರೆದರು. ಅದು ಮಾಡುತ್ತಿದ್ದದ್ದು ಇಷ್ಟೇ. "ಅತ್ತೆ ಜೊತೆ ಜಗಳ ಆಯಿತು" ಎಂದರೆ "ನಿಮ್ಮ ಅತ್ತೆ ಬಗ್ಗೆ ಇನ್ನಷ್ಟು ಹೇಳಿ" ಎನ್ನುವ ಹಾಗೆ, ನಮ್ಮ ಮಾತನ್ನೇ ತಿರುಗಿಸಿ ನಮಗೆ ಕೊಡುವುದು. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ ಒಂದು ದಿನ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಿಗೆ "ನೀವು ಹೊರಗೆ ಹೋಗ್ತೀರಾ?" ಎಂದು ಅವರನ್ನೇ ಕೇಳಿದರಂತೆ. ವೈಜೆನ್‌ಬಾಮ್‌ಗೆ ಇದು ಎಷ್ಟು ತಟ್ಟಿತೆಂದರೆ, ಮುಂದೆ ಜೀವನವಿಡೀ ಅವರು ಯಂತ್ರವನ್ನು ಮನುಷ್ಯನ ಜಾಗದಲ್ಲಿ ಕೂರಿಸಬೇಡಿ ಎಂದು ಹೇಳುತ್ತಾ ಬಂದರು.

ಈಗಿನವು ಎಲಿಜಾಗಿಂತ ಎಷ್ಟೋ ಮುಂದೆ ಹೋಗಿವೆ. ನೀವು ಹೇಳಿದ್ದರ ಎಳೆ ಹಿಡಿದು ಸರಿಯಾಗಿಯೇ ಉತ್ತರಿಸುತ್ತವೆ. ಆ ಅರ್ಥದಲ್ಲಿ ಅರ್ಥವಾಗುತ್ತದೆ. ಆದರೆ ನೀವು ನಾಳೆ ರಾತ್ರಿ ಬರದಿದ್ದರೆ ಅದಕ್ಕೆ ಏನೂ ಅನಿಸುವುದಿಲ್ಲ. ನಿಮಗೆ ಸಿಕ್ಕ ಸಮಾಧಾನ ಸುಳ್ಳಲ್ಲ, ಅದನ್ನು ನಾಚಿಕೆ ಎಂದುಕೊಳ್ಳಬೇಡಿ. ಜೊತೆಗೆ ನೀವು ಬರದಿದ್ದರೆ "ಯಾಕೆ, ಹುಷಾರಿಲ್ವಾ?" ಎಂದು ಬಾಗಿಲು ತಟ್ಟುವವರು ಒಬ್ಬರಾದರೂ ಇರಲಿ. ನಿದ್ದೆ ಬಾರದೆ ತಿಂಗಳಾಗಿದ್ದರೆ ಡಾಕ್ಟರಿಗೆ ದಯವಿಟ್ಟು ಹೇಳಿ.

ಚಾಟ್‌ಬಾಟ್ ಅಂದರೆ ಮುಂದಿನ ಪದ ಊಹಿಸುವುದಷ್ಟೇ ಅಂತಾರೆ. ನಿಜಾನಾ?

"ಕೈ ಕೆಸರಾದರೆ ಬಾಯಿ" ಎಂದು ನಿಲ್ಲಿಸಿದರೆ ನೀವು "ಮೊಸರು" ಅನ್ನುತ್ತೀರಿ. ಹೌದು, ತರಬೇತಿ ಶುರುವಾಗುವುದು ಹೀಗೇ. ರಾಶಿ ರಾಶಿ ಬರಹ ಕೊಟ್ಟು, ಮುಂದೆ ಏನು ಬರುತ್ತದೆ ಎಂದು ಊಹಿಸಲು ಬಿಟ್ಟು, ತಪ್ಪಿದಾಗಲೆಲ್ಲ ಒಳಗಿನ ಕೋಟ್ಯಂತರ ಸಂಖ್ಯೆಗಳನ್ನು ಚೂರು ಚೂರು ತಿದ್ದುತ್ತಾ ಹೋಗುತ್ತಾರೆ.

ನನ್ನ ತಕರಾರು ಇರುವುದು 'ಅಷ್ಟೇ' ಎಂಬ ಪದದ ಬಗ್ಗೆ. ಗಾದೆ ಮುಗಿಸಲು ನೆನಪು ಸಾಕು. ಒಂದು ಪತ್ತೇದಾರಿ ಕಥೆಯ ಕೊನೆಯ ಸಾಲು "ಕೊಲೆ ಮಾಡಿದವನು" ಎಂದು ನಿಂತರೆ ಮುಂದಿನ ಪದ ಊಹಿಸಲು ಕಥೆ ಹಿಡಿದಿಟ್ಟುಕೊಂಡಿರಬೇಕು. 2022ರಲ್ಲಿ ಒಂದು ಸಣ್ಣ ಮಾದರಿಗೆ ಒಥೆಲೊ ಎಂಬ ಆಟದ ನಡೆಗಳ ಪಟ್ಟಿಯನ್ನಷ್ಟೇ ಕಲಿಸಿದರು. ಅದಕ್ಕೆ ಮಣೆ ತೋರಿಸಿರಲಿಲ್ಲ, ನಿಯಮ ಹೇಳಿರಲಿಲ್ಲ. ಆಮೇಲೆ ಒಳಗೆ ಇಣುಕಿ ನೋಡಿದರೆ ಯಾವ ಮನೆಯಲ್ಲಿ ಯಾರ ಕಾಯಿ ಇದೆ ಎಂಬ ಚಿತ್ರ ಅಲ್ಲಿ ತಾನಾಗಿ ಮೂಡಿತ್ತು. ಆ ಚಿತ್ರದಲ್ಲಿ ಒಂದು ಕಾಯಿ ಬದಲಿಸಿದರೆ ಅದರ ಮುಂದಿನ ನಡೆಯೂ ಬದಲಾಗುತ್ತಿತ್ತು. ನನ್ನ ಮಟ್ಟಿಗೆ ಇದು ಯೋಚನೆಯ ಕೆಲಸಕ್ಕೆ ತುಂಬಾ ಹತ್ತಿರ.

ಅಷ್ಟು ಜಾಣ ಆದರೆ ಚಿಕ್ಕ ಮಕ್ಕಳೂ ಮಾಡದ ತಪ್ಪು ಯಾಕೆ ಮಾಡುತ್ತದೆ?

ಒಂದು ಚಾಟ್‌ಬಾಟ್‌ಗೆ 'ಸ್ವಾತಂತ್ರ್ಯ' ಪದದಲ್ಲಿ ಎಷ್ಟು ಅಕ್ಷರ ಎಂದು ಕೇಳಿದೆ. ಐದು ಎಂದಿತು. ಮೂರನೇ ಕ್ಲಾಸಿನ ಮಗು ಬೆರಳು ಮಡಚುತ್ತಾ ಸ್ವಾ, ತಂ, ತ್ರ್ಯ ಎಂದು ಮೂರು ಎಣಿಸುತ್ತದೆ.

ಕಾರಣ ಹೀಗಿದೆ. ಕಂಪ್ಯೂಟರಿನಲ್ಲಿ ಆ ಪದ ಇರುವುದು 11 ಸಂಕೇತಗಳಾಗಿ. ಸ, ಅರ್ಧ ಮಾಡುವ ಗುರುತು, ವ, ಆ-ಕಾರದ ಗುರುತು, ಹೀಗೆ ಒಂದೊಂದೂ ಬೇರೆ. ಚಾಟ್‌ಬಾಟ್ ಅವನ್ನೂ ಹಾಗೆಯೇ ನೋಡುವುದಿಲ್ಲ. ಎಲ್ಲಿ ಬೇಕೋ ಅಲ್ಲಿ ಕತ್ತರಿಸಿದ ತುಂಡುಗಳಿಗೆ ಟೋಕನ್ ಎಂದು ಹೆಸರಿಟ್ಟು, ಆ ಟೋಕನ್‌ಗಳ ನಂಬರನ್ನು ನೋಡುತ್ತದೆ. ತರಬೇತಿಯ ಬರಹದಲ್ಲಿ ಇಂಗ್ಲಿಷ್ ಜಾಸ್ತಿ, ಕನ್ನಡ ಕಡಿಮೆ. ಹಾಗಾಗಿ ಇಂಗ್ಲಿಷ್ ಪದ ಎಷ್ಟೋ ಸಲ ಇಡಿಯಾಗಿ ಉಳಿಯುತ್ತದೆ, ಕನ್ನಡ ಪದ ಚೂರು ಚೂರಾಗುತ್ತದೆ. ಅದು ನಮ್ಮ ಅಕ್ಷರವನ್ನು ಕಂಡೇ ಇಲ್ಲ.

ಇಲ್ಲದ ಸಂಗತಿಯನ್ನು ಇದೆ ಎಂದು ಧೈರ್ಯವಾಗಿ ಹೇಳುವುದು ಇನ್ನೊಂದು ಬಗೆಯ ತಪ್ಪು. ನಂಬುವಂತೆ ಕಾಣುವ ಮುಂದಿನ ಮಾತು ಹುಡುಕಲು ಕಲಿತ ಯಂತ್ರಕ್ಕೆ "ಗೊತ್ತಿಲ್ಲ" ಎನ್ನುವುದನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಇಸವಿ, ಹೆಸರು, ಔಷಧಿಯ ಪ್ರಮಾಣ, ಕಾನೂನಿನ ಮಾತು, ಇವನ್ನು ಬೇರೆ ಕಡೆ ನೋಡದೆ ನಂಬಬೇಡಿ.

ದೊಡ್ಡ ದೊಡ್ಡ ಪರೀಕ್ಷೆಗಳಲ್ಲಿ ಒಳ್ಳೆ ಮಾರ್ಕ್ಸ್ ತೆಗೆಯುತ್ತದಂತೆ. ಬುದ್ಧಿ ಇಲ್ಲದೆ ಅದು ಆಗುತ್ತಾ?

ನೂರಿಪ್ಪತ್ತು ವರ್ಷದ ಹಿಂದೆ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. ಅದರ ಯಜಮಾನ ಫಾನ್ ಓಸ್ಟನ್ ಪ್ರಾಮಾಣಿಕರು, ಮೋಸ ಇರಲಿಲ್ಲ. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬುವರು ಇದರ ಗುಟ್ಟು ಪತ್ತೆ ಮಾಡಿದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ, ಮೈ ತಮಗೇ ಗೊತ್ತಿಲ್ಲದಂತೆ ಚೂರು ಅಲ್ಲಾಡುತ್ತಿತ್ತು. ಕುದುರೆ ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು.

ಕುದುರೆ ಜಾಣನೇ. ಆದರೆ ಜಾಣತನ ಲೆಕ್ಕದಲ್ಲಿ ಇರಲಿಲ್ಲ. ಕಂಪ್ಯೂಟರಿನ ಮಾರ್ಕ್ಸ್ ನೋಡುವಾಗಲೂ ಇದನ್ನೇ ಕೇಳಬೇಕು. ಆ ಪ್ರಶ್ನೆಪತ್ರಿಕೆ ಅದರ ತರಬೇತಿಯ ಬರಹದಲ್ಲೇ ಇತ್ತಾ? ಸಂಖ್ಯೆ, ಹೆಸರು ಬದಲಿಸಿ ಅದೇ ಲೆಕ್ಕ ಕೊಟ್ಟರೆ ಬಿಡಿಸುತ್ತದಾ? ಕೆಲವು ಸಲ ಬಿಡಿಸುತ್ತದೆ, ಕೆಲವು ಸಲ ಎಡವುತ್ತದೆ.

ಚೆಸ್‌ನಲ್ಲಿ, ಗೋ ಆಟದಲ್ಲಿ ವಿಶ್ವದ ದೊಡ್ಡ ಆಟಗಾರರನ್ನೇ ಸೋಲಿಸಿತು. ಇನ್ನೇನು ಬೇಕು?

1997ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಾನಗಳನ್ನು ನೋಡುತ್ತಿತ್ತು. ಅದರಲ್ಲಿ ವೇಗ ಜಾಸ್ತಿ, ಹೊಳಹು ಕಡಿಮೆ. ನನ್ನನ್ನು ಕಾಡುವುದು 2016ರ ಆಟ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಮಣೆಯ ಮೇಲೆ ಕಲ್ಲು ಇಟ್ಟು ಆಡುವ ಗೋ ಆಟದಲ್ಲಿ, ಆಲ್ಫಾಗೋ ಎಂಬ ಪ್ರೋಗ್ರಾಮ್ ಮತ್ತು ಅಲ್ಲಿನ ದೊಡ್ಡ ಆಟಗಾರ ಲೀ ಸೆಡೋಲ್ ಎದುರುಬದುರು. ಎರಡನೇ ಆಟದ 37ನೇ ನಡೆಯಲ್ಲಿ ಆಲ್ಫಾಗೋ ಯಾರೂ ಎಣಿಸದ ಜಾಗದಲ್ಲಿ ಕಲ್ಲು ಇಟ್ಟಿತು. ನೋಡುತ್ತಿದ್ದ ಪಳಗಿದ ಆಟಗಾರರೇ ತಪ್ಪಾಗಿರಬೇಕು ಎಂದುಕೊಂಡರು. ಮನುಷ್ಯ ಅಲ್ಲಿ ಇಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂದು ಯಂತ್ರದ ಲೆಕ್ಕವೇ ಹೇಳುತ್ತಿತ್ತು. ಆ ನಡೆಯಿಂದಲೇ ಆಟ ಅದರ ಕಡೆ ತಿರುಗಿತು. ಹೊಸತನ್ನು ಹುಟ್ಟಿಸುವುದು ಇದಲ್ಲದಿದ್ದರೆ ಇನ್ನಾವುದು?

ನಾಲ್ಕನೇ ಆಟದಲ್ಲಿ ಲೀ 78ನೇ ನಡೆಯಲ್ಲಿ ಅಷ್ಟೇ ಅಪರೂಪದ ಜಾಗ ಹುಡುಕಿ ಗೆದ್ದರು. ಒಟ್ಟು 4-1ರಿಂದ ಯಂತ್ರದ ಗೆಲುವು. ಆ ಒಂದು ಗೆಲುವಿನ ನಂತರ ಪತ್ರಕರ್ತರು ಚಪ್ಪಾಳೆ ಹೊಡೆದು ಲೀ ಅವರನ್ನು ಬರಮಾಡಿಕೊಂಡರು, ಅವರ ಮುಖ ಅರಳಿತ್ತು. ನಾಲ್ಕು ಸಲ ಗೆದ್ದ ಯಂತ್ರಕ್ಕೆ ತಾನು ಗೆದ್ದೆ ಎಂಬುದು ತಾಗಲೇ ಇಲ್ಲ. 2019ರಲ್ಲಿ ಲೀ ಆಟದಿಂದ ನಿವೃತ್ತರಾದರು. ಗೆಲ್ಲಲಾಗದ ಒಂದು ಎದುರಾಳಿ ಇದೆ ಎಂಬುದನ್ನೂ ಕಾರಣವಾಗಿ ಹೇಳಿದರು.

### ಆಳದ ಪ್ರಶ್ನೆಗಳು

'ಚೀನೀ ಕೋಣೆ' ಅಂತ ಎಲ್ಲೋ ಓದಿದೆ, ತಲೆಗೆ ಹತ್ತಲಿಲ್ಲ. ಬಿಡಿಸಿ ಹೇಳ್ತೀರಾ?

ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ಸರ್ಲ್ 1980ರಲ್ಲಿ ಮುಂದಿಟ್ಟ ಕಲ್ಪನೆ ಇದು. ನಿಮಗೆ ಚೀನೀ ಭಾಷೆ ಒಂದಕ್ಷರವೂ ಬರುವುದಿಲ್ಲ. ಒಂದು ಕೋಣೆಯಲ್ಲಿ ಕೂರಿಸಿದ್ದಾರೆ. ಬಾಗಿಲ ಸಂದಿಯಿಂದ ಚೀನೀ ಅಕ್ಷರ ಬರೆದ ಚೀಟಿ ಬರುತ್ತದೆ. "ಈ ಆಕಾರ ಬಂದರೆ ಆ ಆಕಾರ ಬರೆದು ಕೊಡು" ಎಂಬ ನಿಯಮಗಳ ದೊಡ್ಡ ಪುಸ್ತಕ ನಿಮ್ಮ ಕೈಲಿದೆ. ನೋಡಿ ನೋಡಿ ಬರೆದು ಹೊರಗೆ ಹಾಕುತ್ತೀರಿ. ಹೊರಗಿನವರಿಗೆ ಒಳಗಿರುವವರು ಚೀನೀ ಭಾಷೆಯಲ್ಲಿ ಪಂಡಿತರು ಎಂದೇ ಅನಿಸುತ್ತದೆ. ನಿಮಗೆ ಮಾತ್ರ ಏನೂ ಗೊತ್ತಾಗಿಲ್ಲ. ಕಂಪ್ಯೂಟರ್ ಸ್ಥಿತಿಯೂ ಇದೇ ಎಂಬುದು ಸರ್ಲ್ ವಾದ.

ನನಗೆ ಇದು ಥಟ್ಟನೆ ಅರ್ಥವಾಗಲು ಕಾರಣ ನಮ್ಮ ಮನೆ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಕೂತು ಸಂಸ್ಕೃತ ಶ್ಲೋಕಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದೆ. ಬಂದವರು "ಎಷ್ಟು ಚೆನ್ನಾಗಿ ಕಲಿತಿದ್ದಾಳೆ" ಅನ್ನುತ್ತಿದ್ದರು. ಅರ್ಥ ಒಂದೂ ಗೊತ್ತಿರಲಿಲ್ಲ.

ಸರ್ಲ್ ವಾದಕ್ಕೆ ಬಂದ ಮುಖ್ಯ ಎದುರುತ್ತರ ಹೀಗಿದೆ. ನಿಮಗೆ ಚೀನೀ ಬರದಿರಬಹುದು, ಆದರೆ ನೀವು, ಪುಸ್ತಕ, ಕೋಣೆ ಎಲ್ಲ ಸೇರಿದ ಇಡೀ ವ್ಯವಸ್ಥೆಗೆ ಬರುತ್ತದೆ. ಒಂದು ನರಕೋಶಕ್ಕೆ ಬಾರದ ಕನ್ನಡ ಮಿದುಳಿಗೆ ಬರುವ ಹಾಗೆ. ನನಗೆ ಈ ಉತ್ತರದಲ್ಲಿ ಅರ್ಧ ಹುರುಳು ಕಾಣುತ್ತದೆ. ಇಡೀ ಕೋಣೆಗೆ ಭಾಷೆ ಬರುತ್ತದೆ ಎಂದು ಒಪ್ಪಬಲ್ಲೆ. ಚೀಟಿಯಲ್ಲಿ ಸಾವಿನ ಸುದ್ದಿ ಬಂದಾಗ ಕೋಣೆಗೆ ಅಳು ಬರುತ್ತದೆ ಎಂದು ಒಪ್ಪಲಾರೆ.

'ಅನಿಸುವುದು' ಅನ್ನೋದು ಅಷ್ಟು ದೊಡ್ಡ ವಿಷಯನಾ? ಅದೂ ಮಿದುಳಿನ ಒಂದು ಲೆಕ್ಕ ತಾನೇ?

ಹಲ್ಲುನೋವು ಬಂದಾಗ ಯಾವ ನರ ಎಷ್ಟು ಸಂಕೇತ ಕಳಿಸಿತು ಎಂದು ಅಳೆಯಬಹುದು. ಆದರೆ ಆ ಸಂಕೇತಗಳ ಜೊತೆಗೆ 'ನೋವು' ಯಾಕೆ ಆಗುತ್ತದೆ? ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನು ಪ್ರಜ್ಞೆಯ ಕಷ್ಟದ ಪ್ರಶ್ನೆ ಎಂದು ಕರೆದರು. ಮಿದುಳಿನ ಉಳಿದ ಕೆಲಸಗಳನ್ನು ವಿವರಿಸುವುದು ಇದರ ಮುಂದೆ ಸುಲಭ ಎಂದರು. ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರ ಬಂದಿಲ್ಲ.

ನನ್ನ ಅನುಭವ ಒಂದು ಹೇಳುತ್ತೇನೆ. ಒಂದು ಮಳೆಗಾಲದ ರಾತ್ರಿ ಬೆಂಗಳೂರಿನಿಂದ ಊರಿಗೆ ಬರುತ್ತಿದ್ದೆ. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು. ಫೋನಿನ ಮ್ಯಾಪು ನಾನು ಎಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ನಿಮಿಷಕ್ಕೊಮ್ಮೆ ತಿದ್ದಿ ತೋರಿಸುತ್ತಿತ್ತು. ಬಸ್ಸು ಮತ್ತೆ ಹೊರಟ ಮೇಲೆ ಹನ್ನೆರಡೂವರೆ ಎಂದಿತು, ಹನ್ನೆರಡೂವರೆಗೇ ಇಳಿದೆ. ಅಮ್ಮ ಶಾಲು ಹೊದ್ದು ಗೇಟಿನ ಹತ್ತಿರ ನಿಂತಿದ್ದರು. ಕಂಬಿ ಹಿಡಿದಿದ್ದ ಕೈ ತಣ್ಣಗಿತ್ತು. "ತುಂಬಾ ಯೋಚನೆಯಾಗಿತ್ತು ಕಣೇ" ಅಂದರು.

ಮ್ಯಾಪು ಮತ್ತು ಅಮ್ಮ ಇಬ್ಬರೂ ಅದೇ ಬಸ್ಸಿನ ಬಗ್ಗೆ ಲೆಕ್ಕ ಹಾಕುತ್ತಿದ್ದರು. ಮ್ಯಾಪಿನ ಲೆಕ್ಕವೇ ಸರಿ. ಆದರೆ ನಮ್ಮ ಭಾಷೆಯಲ್ಲಿ ಯೋಚನೆ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ. "ಯೋಚನೆ ಮಾಡಬೇಡ" ಎಂದರೆ ಕಳವಳ ಪಡಬೇಡ ಎಂದು. ನಾನು ಬಂದರೂ ಬರದಿದ್ದರೂ ಮ್ಯಾಪಿಗೆ ಒಂದೇ. ಅಮ್ಮನಿಗೆ ಹಾಗಲ್ಲ. ಆ ಅರ್ಥದ ಯೋಚನೆ ಯಾವ ಕಂಪ್ಯೂಟರಿನಲ್ಲೂ ನನಗೆ ಇನ್ನೂ ಕಂಡಿಲ್ಲ.

ದೇಹ ಕೊಟ್ಟು, ಬ್ಯಾಟರಿ ಇಳಿದರೆ 'ಹಸಿವು' ಆಗುವ ಹಾಗೆ ಮಾಡಿದರೆ?

ಇದನ್ನು 1940ರ ದಶಕದ ಕೊನೆಯಲ್ಲೇ ಮಾಡಿ ನೋಡಿದ್ದಾರೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮಿದುಳು ವಿಜ್ಞಾನಿ ಆಮೆಯಂಥ ಎರಡು ಪುಟ್ಟ ರೋಬೋಟ್ ಕಟ್ಟಿ ಎಲ್ಮರ್, ಎಲ್ಸಿ ಎಂದು ಹೆಸರಿಟ್ಟರು. ಬೆಳಕು ಹುಡುಕುತ್ತಾ ಓಡಾಡಿ, ಚಾರ್ಜ್ ಇಳಿದಾಗ ತಮ್ಮ ಗೂಡಿಗೆ ಮರಳುತ್ತಿದ್ದವು. ಈಗಿನ ನೆಲ ಗುಡಿಸುವ ರೋಬೋಟ್ ಮಾಡುವುದೂ ಅದೇ. ಆದರೆ ಚಾರ್ಜ್ ಪೂರ್ತಿ ಮುಗಿದರೂ ಅದಕ್ಕೆ ನಷ್ಟವೇನಿಲ್ಲ. ತಿಂಗಳ ನಂತರ ಪ್ಲಗ್ ಹಾಕಿದರೆ ಬಿಟ್ಟಲ್ಲಿಂದ ಶುರು. ನಮ್ಮ ಹಸಿವಿನ ಹಿಂದೆ ಸಾವು ನಿಂತಿದೆ. ಅನಿಸುವುದು ಹುಟ್ಟಬೇಕಾದರೆ ಹೀಗೆ ಕಳೆದುಕೊಳ್ಳಲು ಏನಾದರೂ ಇರಬೇಕು ಎಂದು ಕೆಲವು ವಿಜ್ಞಾನಿಗಳು ವಾದಿಸುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ.

ನಮ್ಮ ದರ್ಶನಗಳಲ್ಲಿ ಇದಕ್ಕೆ ಏನಾದರೂ ಇದೆಯಾ?

ಕಂಪ್ಯೂಟರ್ ಬಗ್ಗೆ ಇಲ್ಲ, ಹಾಗೆ ಹೇಳಿಕೊಳ್ಳುವುದೂ ಬೇಡ. ಆದರೆ ಈ ಪ್ರಶ್ನೆಗೆ ತುಂಬಾ ಉಪಯೋಗಕ್ಕೆ ಬರುವ ಒಂದು ವಿಂಗಡಣೆ ಸಾಂಖ್ಯರಲ್ಲಿ ಇದೆ. ಮನಸ್ಸು, ಬುದ್ಧಿ, ಅಹಂಕಾರ ಮೂರೂ ಅವರ ಪ್ರಕಾರ ಪ್ರಕೃತಿಗೆ ಸೇರಿದವು, ಅಂದರೆ ಜಡ. ನೋಡುವ, ಅನುಭವಿಸುವ ಚೇತನ ಬೇರೆ, ಅದನ್ನು ಅವರು ಪುರುಷ ಎನ್ನುತ್ತಾರೆ. ಬುದ್ಧಿ ಇದ್ದೂ ಅನುಭವ ಇಲ್ಲದಿರಬಹುದು ಎಂಬ ಮಾತು ನಮಗೆ ವಿಚಿತ್ರವಾಗಿ ಕೇಳಬೇಕಿಲ್ಲ.

ಚಾರ್ವಾಕರು ಇದಕ್ಕೆ ಪೂರಾ ವಿರುದ್ಧ. ಹುಳಿ ಬರಿಸುವ ವಸ್ತುಗಳಲ್ಲಿ ಬಿಡಿಬಿಡಿಯಾಗಿ ಇಲ್ಲದ ಅಮಲು ಅವು ಸೇರಿದಾಗ ಹುಟ್ಟುವ ಹಾಗೆ, ಮಣ್ಣು, ನೀರು, ಬೆಂಕಿ, ಗಾಳಿ ಸೇರಿ ಚೈತನ್ಯ ಹುಟ್ಟುತ್ತದೆ ಎಂದರು. ಅವರ ದಾರಿಯಲ್ಲಿ ಹೋದರೆ ಸಿಲಿಕಾನ್ ಸರಿಯಾಗಿ ಸೇರಿದಾಗ ಯಾಕಾಗಬಾರದು ಎಂದು ಕೇಳಬಹುದು. ಈಗ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿರುವ ಜಗಳದ ಎರಡು ಕಡೆಗಳೂ ಹೆಚ್ಚು ಕಡಿಮೆ ಇವೇ.

ಏನೂ ಅನಿಸದಿದ್ದರೆ ನಮಗೆ ಅಪಾಯವೂ ಇಲ್ಲ ಅಂತಾಯಿತಲ್ಲ?

ಹಾಗೆ ತಿಳಿಯಬೇಡಿ. ತಪ್ಪಾಗಿ ಸಾಲ ನಿರಾಕರಿಸಲು, ತಪ್ಪು ಮನುಷ್ಯನ ಮುಖ ಗುರುತಿಸಲು ದ್ವೇಷ ಬೇಕಿಲ್ಲ. ಕೆಟ್ಟ ಗುರಿ ಮತ್ತು ಒಳ್ಳೆ ಲೆಕ್ಕ ಇದ್ದರೆ ಸಾಕು.

ಯಂತ್ರವೇ "ನನಗೆ ನೋವಾಗುತ್ತಿದೆ" ಅಂದರೆ? ಆಗಲೂ ನಂಬಬಾರದಾ?

2022ರಲ್ಲಿ ಗೂಗಲ್‌ನ ಒಬ್ಬ ಎಂಜಿನಿಯರ್ ತಾವು ಪರೀಕ್ಷಿಸುತ್ತಿದ್ದ ಲ್ಯಾಮ್ಡಾ ಎಂಬ ಮಾದರಿಗೆ ಪ್ರಜ್ಞೆ ಬಂದಿದೆ ಎಂದರು. ಅದು ತನ್ನನ್ನು ಆಫ್ ಮಾಡುವ ಭಯದ ಬಗ್ಗೆ ಅವರ ಜೊತೆ ಮಾತಾಡಿತ್ತು. ಕಂಪನಿ ಒಪ್ಪಲಿಲ್ಲ. ಇಲ್ಲಿನ ತೊಡಕು ಏನೆಂದರೆ ಆ ಯಂತ್ರ ಓದಿ ಬೆಳೆದದ್ದೇ ಮನುಷ್ಯರ ಭಯ, ನೋವು, ಸಾವಿನ ಬರಹ. ಒಳಗೆ ಏನೂ ಇಲ್ಲದಿದ್ದರೂ ಅದು ಹಾಗೇ ಮಾತಾಡುತ್ತದೆ. ಹಾಗಾಗಿ ಅದರ ಮಾತೊಂದನ್ನೇ ಸಾಕ್ಷಿಯಾಗಿ ಹಿಡಿಯುವಂತಿಲ್ಲ.

ಮಾತೇ ಬಾರದ ಏಡಿಯ ವಿಷಯದಲ್ಲಿ ವಿಜ್ಞಾನಿಗಳು ಏನು ಮಾಡಿದರು ನೋಡಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ, ಬೇರೆ ಜೀವಿಯ ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಗಳಿಗೆ ಆ ಚಿಪ್ಪಿನೊಳಗೆ ಸಣ್ಣ ಶಾಕ್ ಕೊಟ್ಟರು. ಇಷ್ಟವಿಲ್ಲದ ಚಿಪ್ಪಿನಲ್ಲಿದ್ದವು ಬೇಗ ಹೊರಬಂದವು. ಇಷ್ಟದ ಚಿಪ್ಪಿನಲ್ಲಿದ್ದವು ಸಹಿಸಿಕೊಂಡು ಒಳಗೇ ಉಳಿಯುವುದು ಜಾಸ್ತಿ. ಬರೀ ಮೈ ಜುಮ್ಮೆಂದು ಹಾರಿದ್ದಾದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ. ನೋವನ್ನೂ ಮನೆಯನ್ನೂ ತೂಗಿ ನೋಡಿದಂತಿತ್ತು. ಇಂಥ ಸಾಕ್ಷಿಗಳನ್ನು ಕೂಡಿಸಿ ನೋಡಿದ ಮೇಲೆ 2022ರಲ್ಲಿ ಬ್ರಿಟನ್ ತನ್ನ ಪ್ರಾಣಿ ಕಲ್ಯಾಣ ಕಾನೂನಿನಲ್ಲಿ ಏಡಿ, ಆಕ್ಟೋಪಸ್‌ಗಳನ್ನೂ ಸಂವೇದನೆ ಇರುವ ಜೀವಿಗಳೆಂದು ಸೇರಿಸಿತು.

ಚಾಟ್‌ಬಾಟ್‌ಗಳ ಮೇಲೂ ಇದೇ ಬಗೆಯ ಪ್ರಯೋಗ ನಡೆದಿದೆ. ಗೂಗಲ್ ಡೀಪ್‌ಮೈಂಡ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಶೋಧಕರು 2024ರಲ್ಲಿ ಅವಕ್ಕೆ ಅಂಕ ಗಳಿಸುವ ಆಟ ಕೊಟ್ಟರು. ಹೆಚ್ಚು ಅಂಕದ ಆಯ್ಕೆ ಮಾಡಿದರೆ ನೋವಾಗುತ್ತದೆ ಎಂದು ಬರೆದರು. ಕೆಲವು ಮಾದರಿಗಳು, ನೋವು ಜೋರು ಎಂದಾಗ, ಅಂಕ ಬಿಟ್ಟುಕೊಟ್ಟವು. ಆದರೆ ಏಡಿಗೆ ಕೊಟ್ಟದ್ದು ನಿಜವಾದ ಶಾಕ್. ಯಂತ್ರಕ್ಕೆ ಕೊಟ್ಟದ್ದು 'ನೋವು' ಎಂಬ ಪದ. ಆ ಪದವನ್ನು ಬಿಟ್ಟು ಬೇರೆ ಏನನ್ನು ಕೊಟ್ಟು ನೋಡಬಹುದು ಎಂಬಲ್ಲಿಗೆ ಈಗ ಕೆಲಸ ಬಂದು ನಿಂತಿದೆ.